ತೋಟದ ಪೈಪಿನ ಲೆಕ್ಕ ದೋಣಿಗೆ ಬೇಡ

ಕೃಷಿ ಬರೆಯೋ ಜಾಗದಲ್ಲಿ ದೋಣಿ ವಿಷಯ ಯಾಕಪ್ಪ ಅಂತ ಕೆಲವರು ಕೇಳಬಹುದು. ಹಾಸನ ಜಿಲ್ಲೆ ಅಂದರೆ ಆಲೂಗಡ್ಡೆ, ಜೋಳ, ಶುಂಠಿ, ತೆಂಗು, ಕಾಫಿ. ಸಮುದ್ರ ಇಲ್ಲ, ಬಂದರಿಲ್ಲ. ಆದರೆ ಗೊರೂರಿನ ಹೇಮಾವತಿ ಜಲಾಶಯ ಇದೆ, ಬೇಲೂರಿನ ಹತ್ತಿರ ಯಗಚಿ ಇದೆ, ಊರೂರಿಗೂ ಕೆರೆ ಇದೆ. ಆ ನೀರಲ್ಲಿ ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ ಬೆಳೆಸಿ ಹಿಡಿದು ಮಾರುವ ಹುಡುಗರು ನಮ್ಮ ನಡುವೆಯೇ ಇದ್ದಾರೆ. ನಮ್ಮೂರು ಕೊರವಂಗಲ. ನಾನೂ ಮೂರು ಜನ ಗೆಳೆಯರೂ ಸೇರಿ ಕೆರೆ ಗುತ್ತಿಗೆ ಹಿಡಿದು ಮೀನು ಬಿಟ್ಟಿದ್ದೇವೆ. ನಮ್ಮ ಹತ್ತಿರ ಒಂದು 14 ಅಡಿಯ ಫೈಬರ್ ದೋಣಿ ಇದೆ. ಹೊಲದಲ್ಲಿ ಟಿಲ್ಲರ್ ಹೇಗೋ ಕೆರೆಯಲ್ಲಿ ದೋಣಿ ಹಾಗೆ, ಅದೂ ಒಂದು ಉಪಕರಣ.

ಈ ವಾರ ನಾನು ಹೇಳಬೇಕಾಗಿರೋದು ಆ ದೋಣಿಯ ಅತಿ ಚಿಕ್ಕ ಭಾಗದ ಬಗ್ಗೆ. ಹಿಂಬದಿಯ ತಳದಲ್ಲಿ ನೀರು ಹೊರಗೆ ಬಿಡೋಕೆ ಒಂದು ತೂತು, ಅದಕ್ಕೊಂದು ಫಿಟ್ಟಿಂಗ್, ಅದಕ್ಕೊಂದು ಬಿರಡೆ. ಇಂಗ್ಲಿಷಿನಲ್ಲಿ ಡ್ರೈನ್ ಪ್ಲಗ್ ಅಂತಾರೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ: ಈ ಫಿಟ್ಟಿಂಗನ್ನು ನಮ್ಮ ಕಡೆ ಬೋರ್‌ವೆಲ್ ಪೈಪು, ಡ್ರಿಪ್ ಲೈನು, ಮನೆ ಮೇಲಿನ ನೀರಿನ ಟ್ಯಾಂಕು ರಿಪೇರಿ ಮಾಡುವ ಲೆಕ್ಕದಲ್ಲೇ ಹಾಕುತ್ತಿದ್ದೇವೆ, ಆ ಲೆಕ್ಕ ತಪ್ಪು. ತೋಟದಲ್ಲಿ ಪೈಪು ಸೋರಿದರೆ ಒಂದಿಷ್ಟು ನೀರು ಹೋಗುತ್ತೆ. ಕೆರೆ ನಡುವೆ ದೋಣಿ ಸೋರಿದರೆ ಜೀವ ಹೋಗಬಹುದು.

ಒಂದು ಇಂಚಿನ ತೂತು ಎಷ್ಟು ನೀರು ಬಿಡುತ್ತೆ?

"ಒಂದಿಂಚು ತೂತು, ಏನ್ ಮಹಾ" ಅನ್ನೋರಿಗೆ ಈ ಲೆಕ್ಕ ತೋರಿಸಿ. ನೀರಿನ ಮಟ್ಟಕ್ಕಿಂತ 20 ಸೆಂಟಿಮೀಟರ್ ಕೆಳಗೆ 25 ಮಿಲಿಮೀಟರಿನ, ಅಂದರೆ ಸುಮಾರು ಒಂದು ಇಂಚಿನ ತೂತು ಇದೆ ಅಂದುಕೊಳ್ಳಿ. ಬಿರಡೆ ಕಳಚಿದರೆ ಅಲ್ಲಿಂದ ನಿಮಿಷಕ್ಕೆ ಸುಮಾರು 35 ಲೀಟರ್ ನೀರು ಒಳಗೆ ಬರುತ್ತೆ. ಹತ್ತು ನಿಮಿಷಕ್ಕೆ 350 ಲೀಟರ್. ತೂಕದಲ್ಲಿ ಅದು 350 ಕೆ.ಜಿ., ಅಂದರೆ ಐದಾರು ಜನ ಆಳುಗಳು ಹೇಳದೆ ಕೇಳದೆ ದೋಣಿ ಹತ್ತಿ ಕೂತ ಹಾಗೆ. ದೋಣಿ ತಗ್ಗಿದಷ್ಟೂ ತೂತು ಇನ್ನೂ ಆಳಕ್ಕೆ ಹೋಗುತ್ತೆ, ನೀರು ನುಗ್ಗುತ್ತಲೇ ಇರುತ್ತೆ. ತೂತು ಒಂದೂವರೆ ಇಂಚಿನದಾದರೆ ನಿಮಿಷಕ್ಕೆ ಸುಮಾರು 80 ಲೀಟರ್.

ಐದು ಲೀಟರಿನ ಡಬ್ಬದಲ್ಲಿ ಎತ್ತಿ ಹೊರಗೆ ಚೆಲ್ಲುತ್ತೀನಿ ಅಂದರೆ ಒಂದು ಇಂಚಿನ ತೂತಿಗೆ ನಿಮಿಷಕ್ಕೆ ಏಳು ಡಬ್ಬ ತುಂಬಿ ತುಂಬಿ ಚೆಲ್ಲಬೇಕು. ಒಂದು ಸಲವೂ ನಿಲ್ಲಿಸೋ ಹಾಗಿಲ್ಲ. ಹಾಗಾದರೆ ಹುಟ್ಟು ಹಾಕೋರು ಯಾರು, ಬಲೆ ಬಿಡಿಸೋರು ಯಾರು?

ಇನ್ನೊಂದು ಅಪಾಯ ಇದೆ. ದೋಣಿಯೊಳಗಿನ ನೀರು ಒಂದು ಕಡೆ ನಿಲ್ಲಲ್ಲ. ನೀವು ಎಡಕ್ಕೆ ವಾಲಿದರೆ ಅದೂ ಎಡಕ್ಕೇ ಓಡುತ್ತೆ. ಪೂರ್ತಿ ಮುಳುಗೋಕೆ ಮುಂಚೆಯೇ ದೋಣಿ ಮಗುಚಿಕೊಳ್ಳೋದು ಇದರಿಂದ. ಮೀನು ತುಂಬಿದ ಬಲೆ ಒಂದು ಪಕ್ಕದಿಂದ ಎಳೆಯುವಾಗ ಈ ಅಪಾಯ ದುಪ್ಪಟ್ಟು.

ಹರಿಗೋಲಿಗೆ ಇಲ್ಲದ ತೂತು ದೋಣಿಗೆ ಯಾಕೆ?

ನಮ್ಮ ಹಿರಿಯರ ಹರಿಗೋಲಿಗೆ ಇಂಥ ತೂತೇ ಇರಲಿಲ್ಲ. ಬಿದಿರು ಹೆಣೆದು ಮೇಲೆ ಚರ್ಮ ಹೊದಿಸುತ್ತಿದ್ದರು, ಆಮೇಲೆ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂತು. ನೀರು ಬಂದರೆ ಚಿಪ್ಪಿನಲ್ಲೋ ಡಬ್ಬದಲ್ಲೋ ಎತ್ತಿ ಚೆಲ್ಲಿ, ಸಂಜೆ ದಡಕ್ಕೆ ತಂದು ತಲೆಕೆಳಗು ಮಾಡಿ ಇಟ್ಟರೆ ಮುಗೀತು. ಇಬ್ಬರು ಹೊತ್ತುಕೊಂಡು ಹೋಗಬಹುದಾದ ವಸ್ತುವಿಗೆ ಡ್ರೈನ್ ಬೇಕಿಲ್ಲ. ಈಗಿನ ಫೈಬರ್ ಹರಿಗೋಲಿಗೂ ಇದೇ ಮಾತು. ಯಾರಾದರೂ ಅದಕ್ಕೆ ಡ್ರೈನ್ ಕೊರೆದಿದ್ದರೆ ಒಳಗೂ ಹೊರಗೂ ಗಾಜಿನ ಮ್ಯಾಟು, ರೆಸಿನ್ ಹಾಕಿಸಿ ಮುಚ್ಚಿಸಿಬಿಡಿ.

ಫೈಬರ್ ದೋಣಿ ಹಾಗಲ್ಲ, ಅದನ್ನು ದಿನಾ ಮಗುಚೋಕಾಗಲ್ಲ. ಬಾಯಿ ತೆರೆದು ದಡದಲ್ಲಿ ನಿಂತಿರುವ ದೋಣಿಯ ಮೇಲೆ ಒಂದು ರಾತ್ರಿ 50 ಮಿ.ಮೀ. ಮಳೆ ಬಿದ್ದರೆ, ಬಾಯಿಯ ಅಗಲ 5 ಚದರ ಮೀಟರ್ ಇದ್ದರೂ, 250 ಲೀಟರ್ ನೀರು ಒಳಗೆ ನಿಲ್ಲುತ್ತೆ. ಆ ಭಾರಕ್ಕೆ ತಳ ಬಾಗುತ್ತೆ, ಒಳಗಿನ ಮರ ಕೊಳೆಯುತ್ತೆ, ಜೊತೆಗೆ ಸೊಳ್ಳೆ ಮರಿ. ಅದಕ್ಕೇ ದೋಣಿಗೆ ಡ್ರೈನ್ ಬೇಕು. "ತೂತು ಇದ್ದರೆ ತಾನೆ ತೊಂದರೆ, ಮುಚ್ಚಿಬಿಡೋಣ" ಅನ್ನೋ ಮಾತು ನಾನು ಒಪ್ಪಲ್ಲ. ಒಂದೇ ತೂತು ಇರಲಿ, ಸರಿಯಾದ ಜಾಗದಲ್ಲಿ ಇರಲಿ, ಸರಿಯಾದ ಫಿಟ್ಟಿಂಗ್ ಇರಲಿ. ದೋಣಿ ದಡದಲ್ಲಿದ್ದಾಗ ಬಿರಡೆ ಹೊರಗೆ, ನೀರಿಗಿಳಿದಾಗ ಬಿರಡೆ ಒಳಗೆ. ನಿಯಮ ಇಷ್ಟೇ.

ಟ್ಯಾಂಕ್ ನಿಪ್ಪಲ್ ಯಾಕೆ ಆಗಲ್ಲ

ನಮ್ಮ ಕಡೆ ಡ್ರೈನ್ ಹಾಳಾದರೆ ಏನು ಮಾಡ್ತಾರೆ ಹೇಳಿ? ಹಾರ್ಡ್‌ವೇರ್ ಅಂಗಡಿಗೆ ಹೋಗಿ ನೀರಿನ ಟ್ಯಾಂಕಿಗೆ ಹಾಕುವ ಪ್ಲಾಸ್ಟಿಕ್ ಟ್ಯಾಂಕ್ ನಿಪ್ಪಲ್ ತರ್ತಾರೆ. ಥ್ರೆಡ್ಡಿಗೆ ಬಿಳಿ ಟೇಪು ಸುತ್ತಿ, ಬಾತ್‌ರೂಮಿಗೆ ಹಚ್ಚುವ ಸಿಲಿಕಾನ್ ಹಚ್ಚಿ, ಎಂಡ್ ಕ್ಯಾಪ್ ಬಿಗಿಯುತ್ತಾರೆ. ನಮಗೆ ದೋಣಿ ಮಾರಿದವರೂ ಅಂಥದ್ದನ್ನೇ ಹಾಕಿ ಕೊಟ್ಟಿದ್ದರು. "ಟ್ಯಾಂಕಿನ ನೀರು ತಡೆಯುತ್ತಲ್ಲ, ಇದೂ ತಡೆಯುತ್ತೆ" ಅನ್ನೋದು ಅವರ ವಾದ. ಎರಡನೇ ಬೇಸಿಗೆಯಲ್ಲಿ ದೋಣಿ ದಡಕ್ಕೆಳೆದು ನೋಡಿದಾಗ ಅದರ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಕಾಣಿಸಿತು. ಅದೇ ದಿನ ಕಿತ್ತು ಹಾಕಿದೆವು.

ಈ ವಾದದಲ್ಲಿ ನಾಲ್ಕು ತಪ್ಪಿದೆ.

ಒಂದು, ಟ್ಯಾಂಕಿನಲ್ಲಿ ನೀರು ಒಳಗಿರುತ್ತೆ, ದೋಣಿಯಲ್ಲಿ ನೀರು ಹೊರಗಿರುತ್ತೆ. ನಿಪ್ಪಲ್ಲಿನ ರಬ್ಬರ್ ವಾಷರ್ ನೀರಿರುವ ಕಡೆ ಬರಬೇಕು. ಟ್ಯಾಂಕಿನ ಅಭ್ಯಾಸದಲ್ಲಿ ಪ್ಲಂಬರ್ ಅದನ್ನು ಒಳಗಡೆಗೇ ಹಾಕ್ತಾನೆ. ದೋಣಿಗೆ ಅದು ಉಲ್ಟಾ. ನೀರು ಹೊರಗಿಂದ ತೂತಿನ ಅಂಚಿಗೆ ನುಗ್ಗಿ ಫೈಬರ್ ಪದರದೊಳಗೆ ಸೇರುತ್ತೆ.

ಎರಡು, ಬಿಳಿ ಟೇಪು ಥ್ರೆಡ್ ಸಂದಿ ಮುಚ್ಚುತ್ತೆ, ಅಷ್ಟೇ. ದೋಣಿಯಲ್ಲಿ ಸೋರಿಕೆ ಹೆಚ್ಚಾಗಿ ಬರೋದು ಫಿಟ್ಟಿಂಗಿನ ಅಗಲವಾದ ಅಂಚಿಗೂ ಫೈಬರಿಗೂ ನಡುವೆ. ಅಲ್ಲಿ ಟೇಪಿಗೆ ಕೆಲಸವೇ ಇಲ್ಲ.

ಮೂರು, ಟ್ಯಾಂಕು ಅಲ್ಲಾಡಲ್ಲ. ದೋಣಿಯನ್ನು ಕಲ್ಲು ಮರಳಿನ ಮೇಲೆ ಎಳೀತೀವಿ, ಮೋಟಾರ್ ಇದ್ದರೆ ಇಡೀ ಹಿಂಬದಿ ನಡುಗುತ್ತೆ. ಸಾದಾ ಪ್ಲಾಸ್ಟಿಕ್ಕು ಬಿಸಿಲಿಗೆ ಗಡುಸಾಗಿ ಒಂದು ಸಣ್ಣ ಏಟಿಗೆ ಸೀಳುತ್ತೆ. ಹೊಲದಲ್ಲಿ ಬಿಸಿಲಿಗೆ ಬಿದ್ದ ಪಿವಿಸಿ ಪೈಪು ಕೆಲವು ವರ್ಷಕ್ಕೆ ಹೇಗಾಗುತ್ತೆ ಅಂತ ನಿಮಗೆ ಗೊತ್ತೇ ಇದೆ.

ನಾಲ್ಕು, ಬಾತ್‌ರೂಮ್ ಸಿಲಿಕಾನ್. ಹುಳಿ ವಾಸನೆ ಬರುವ ಸಿಲಿಕಾನ್ ಹಿತ್ತಾಳೆಯನ್ನು ತಿನ್ನುತ್ತೆ. ನೀರಿನಡಿ ಸದಾ ನೆನೆದಿರುವ ಫೈಬರಿಗೆ ಅದು ಗಟ್ಟಿಯಾಗಿ ಕಚ್ಚಲ್ಲ. ಕಿತ್ತ ಮೇಲೂ ಅದರ ಜಿಡ್ಡು ಉಳಿದು, ಮುಂದೆ ಒಳ್ಳೆ ಸೀಲಂಟ್ ಹಚ್ಚಿದರೂ ಹಿಡಿಯದ ಹಾಗೆ ಮಾಡುತ್ತೆ. ಒಮ್ಮೆ ಹಚ್ಚಿದರೆ ಮುಂದಿನ ರಿಪೇರಿಯನ್ನೂ ಕೆಡಿಸುತ್ತೆ.

ತೂಬಿನ ಪಕ್ಕದ ಪಾಠ

ನಮ್ಮೂರಿಗೆ ಹೊರಗಿನವರು ಬರೋದು 1173ರ ಬೂಚೇಶ್ವರ ದೇವಸ್ಥಾನ ನೋಡೋಕೆ. ಹೊಯ್ಸಳರ ಕಾಲದ ದೇವಸ್ಥಾನ. ಆ ಕಾಲದಿಂದಲೂ ಈ ಸೀಮೆ ಕೆರೆಗಳ ಸೀಮೆ. ಕೆರೆ ಕಾಯ್ದ ನೀರುಗಂಟಿಗಳಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿತ್ತು: ಏರಿ ಎಷ್ಟೇ ದಪ್ಪ ಇರಲಿ, ಕಣ್ಣಿಡಬೇಕಾದ ಜಾಗ ತೂಬಿನ ಪಕ್ಕ. ತೂಬಿನ ಕಲ್ಲು ಗಟ್ಟಿಯಾಗೇ ಇರುತ್ತೆ, ಆದರೆ ಕಲ್ಲಿಗೂ ಮಣ್ಣಿಗೂ ನಡುವೆ ನೀರು ದಾರಿ ಮಾಡಿಕೊಂಡರೆ ಮಣ್ಣು ಒಳಗೊಳಗೇ ಕೊಚ್ಚಿ ಹೋಗುತ್ತೆ.

ದೋಣಿಯ ಡ್ರೈನೂ ಹಾಗೇ. ಬಿರಡೆಯನ್ನು ಎಲ್ಲರೂ ನೋಡ್ತಾರೆ, ಅದರ ಸುತ್ತಲಿನ ಫೈಬರನ್ನು ಯಾರೂ ನೋಡಲ್ಲ. ಬಹಳಷ್ಟು ದೋಣಿಗಳ ಹಿಂಬದಿಯಲ್ಲಿ ಫೈಬರಿನ ಎರಡು ಪದರದ ನಡುವೆ ಪ್ಲೈವುಡ್ ಹಲಗೆ ಇರುತ್ತೆ, ಮೋಟಾರಿನ ಭಾರ ತಡೆಯೋಕೆ. ತೂತು ಕೊರೆದಾಗ ಆ ಹಲಗೆಯ ಅಂಚು ಬೆತ್ತಲೆಯಾಗುತ್ತೆ. ಅದನ್ನು ರೆಸಿನ್ ಹಚ್ಚಿ ಮುಚ್ಚದೆ ಫಿಟ್ಟಿಂಗ್ ಕೂರಿಸಿದರೆ ಹಲಗೆ ನೀರು ಕುಡಿದು ಮೆತ್ತಗಾಗುತ್ತೆ. ಆಮೇಲೆ ಸ್ಕ್ರೂ ಹಿಡಿಯಲ್ಲ, ಫಿಟ್ಟಿಂಗ್ ಸಡಿಲವಾಗುತ್ತೆ. ಇನ್ನೂ ಬಿಟ್ಟರೆ ಮೋಟಾರ್ ಕೂತಿರುವ ಹಿಂಬದಿಯೇ ಅಲ್ಲಾಡುತ್ತೆ. ಹಾಗಾಗಿ ಫಿಟ್ಟಿಂಗ್ ಬದಲಾಯಿಸೋದು ಅಂದರೆ ಹಳೇದು ಬಿಚ್ಚಿ ಹೊಸದು ತಿರುಗಿಸೋದು ಅಂದುಕೊಳ್ಳಬೇಡಿ. ಮುಖ್ಯವಾದ ಕೆಲಸ ಇರೋದು ಆ ತೂತಿನ ಅಂಚಿನಲ್ಲಿ.

ಏನು ತರಬೇಕು

ಸಿಹಿನೀರಿಗೆ ಒಳ್ಳೆ ಹಿತ್ತಾಳೆ ಫಿಟ್ಟಿಂಗ್ ಸಾಕು. ಉಪ್ಪುನೀರಿನಲ್ಲಿ ಹಿತ್ತಾಳೆಯೊಳಗಿನ ಸತು ಕರಗಿ ಲೋಹ ಟೊಳ್ಳಾಗುತ್ತೆ, ಅದಕ್ಕೇ ಸಮುದ್ರದ ದೋಣಿಗೆ ಕಂಚು ಬೇಕು. ನಮ್ಮ ಕೆರೆಯಲ್ಲಿ ಆ ಕಾಟ ಕಡಿಮೆ. ಆದರೂ ಹಳೇ ಹಿತ್ತಾಳೆಯನ್ನು ಚಾಕುವಿನಿಂದ ಕೆರೆದು ನೋಡಿ. ಹಳದಿ ಹೊಳೆದರೆ ಸರಿ. ನಸುಗೆಂಪು ಬಂದು ಪುಡಿ ಉದುರಿದರೆ ಅದರ ಕಾಲ ಮುಗಿದಿದೆ. ಬಿಸಿಲು ತಡೆಯುವ ದಪ್ಪ ನೈಲಾನಿನ, ದೋಣಿಗೆಂದೇ ಮಾಡಿದ ಫಿಟ್ಟಿಂಗೂ ಆಗಬಹುದು. ಜಿಐ ಮಾತ್ರ ಬೇಡ, ತುಕ್ಕು ಹಿಡಿದರೆ ಬಿರಡೆ ಬಿಚ್ಚೋಕೇ ಬರಲ್ಲ.

ಮೊಬೈಲಿನಲ್ಲಿ ಆರ್ಡರ್ ಮಾಡೋರು ಇದನ್ನು ಗಮನಿಸಿ. ಹಿತ್ತಾಳೆ ಬಣ್ಣ ಬಳಿದ ಕಬ್ಬಿಣವೂ "ಬ್ರಾಸ್" ಅಂತಲೇ ಬರುತ್ತೆ. ಕೈಗೆ ಬಂದ ತಕ್ಷಣ ಹಳೇ ಸ್ಪೀಕರಿನ ಅಯಸ್ಕಾಂತ ಹಿಡಿದು ನೋಡಿ, ಅಂಟಿದರೆ ವಾಪಸ್ ಕಳಿಸಿ. ಥ್ರೆಡ್ ಅಳತೆ ಬೇರೆ ಬೇರೆ ಇರುತ್ತೆ, ಫಿಟ್ಟಿಂಗೂ ಬಿರಡೆಯೂ ಜೋಡಿಯಾಗಿಯೇ ತಗೊಳ್ಳಿ, ಜೊತೆಗೆ ಒಂದು ಬಿರಡೆ ಹೆಚ್ಚುವರಿ. ಬಿರಡೆ ದೋಣಿಯ ಒಳಗಿನಿಂದ ತಿರುಗಿಸಿ ಹಾಕುವಂಥದ್ದಾಗಿರಲಿ. ಹೊರಗಿನಿಂದ ಹಾಕುವುದಾದರೆ ನೀರಿನಲ್ಲಿದ್ದಾಗ ಕಳಚಿದರೆ ನೀವು ಇಳಿದು ಈಜಬೇಕಾಗುತ್ತೆ.

ಬಿರಡೆಯ ರಬ್ಬರ್ ವಾಷರ್ ನೈಟ್ರೈಲ್ ರಬ್ಬರಿನದು ಕೇಳಿ. ಮೋಟಾರಿನ ಪೆಟ್ರೋಲು, ಆಯಿಲ್ಲು ದೋಣಿ ತಳಕ್ಕೆ ಬಿದ್ದೇ ಬೀಳುತ್ತೆ, ಸಾದಾ ರಬ್ಬರ್ ಅದಕ್ಕೆ ಊದಿಕೊಂಡು ಹಾಳಾಗುತ್ತೆ. ಕೆಲವರು ಬಿರಡೆ ಬದಲು ಬಾಲ್ ವಾಲ್ವ್ ಹಾಕಿಸ್ತಾರೆ. ಡ್ರಿಪ್ಪಿಗೆ ಅದು ಸರಿ. ದೋಣಿಯಲ್ಲಿ ಬಲೆಯೋ ಕಾಲೋ ಹಿಡಿಗೆ ಸಿಕ್ಕಿ ಅದು ತೆರೆದುಕೊಂಡರೆ ಗೊತ್ತೂ ಆಗಲ್ಲ. ತಿರುಗಿಸುವ ಬಿರಡೆಯೇ ವಾಸಿ.

ಸೀಲಂಟ್ ಪಾಲಿಯುರೆಥೇನ್ ಜಾತಿಯದು ಬೇಕು. ಕಾರಿನ ಮುಂದಿನ ಗಾಜು ಕೂರಿಸುವವರು ಬಳಸೋದೂ ಇದೇ ಜಾತಿ. ಆದರೆ ಟ್ಯೂಬಿನ ಮೇಲೆ ದೋಣಿಗೆ, ನೀರಿನ ಮಟ್ಟದ ಕೆಳಗೆ ಬಳಸಬಹುದು ಅಂತ ಬರೆದಿರೋದನ್ನೇ ಹುಡುಕಿ. ಇದರ ಜೊತೆಗೆ ಸ್ವಲ್ಪ ಎಪಾಕ್ಸಿ ರೆಸಿನ್, ಸ್ಯಾಂಡ್ ಪೇಪರ್, ಅಸಿಟೋನ್, ಕೈಗವಸು, ಮಾಸ್ಕ್. ಎಲ್ಲ ಸೇರಿದರೂ ಒಂದು ಮೂಟೆ ಬಿತ್ತನೆ ಆಲೂಗಡ್ಡೆಯ ಆಸುಪಾಸಿನ ಖರ್ಚು.

ಕೆಲಸದ ಕ್ರಮ

1. ದೋಣಿ ದಡಕ್ಕೆ ಎಳೆದು, ಮುಂಭಾಗ ಎತ್ತರಕ್ಕೆ ಬರುವಂತೆ ನಿಲ್ಲಿಸಿ. ಬಿರಡೆ ತೆಗೆದು ಮೂರು ನಾಲ್ಕು ದಿನ ಚೆನ್ನಾಗಿ ಒಣಗಲಿ. ಬಿಚ್ಚುವ ಮುಂಚೆ ಒಳಗಿಂದ ಹೊರಗಿಂದ ಫೋಟೋ ತೆಗೆದಿಟ್ಟುಕೊಳ್ಳಿ.

2. ಸ್ಕ್ರೂ ಬಿಗಿಯಾಗಿದ್ದರೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯಿರಿ. ಹಳೇ ಸೀಲಂಟನ್ನು ತೆಳು ಬ್ಲೇಡಿನಿಂದ ಸುತ್ತಲೂ ಕೊಯ್ದು ಬಿಡಿಸಿ. ಸುತ್ತಿಗೆಯಿಂದ ಹೊಡೆದು ಕಿತ್ತರೆ ಫೈಬರ್ ಪದರ ಸೀಳುತ್ತೆ.

3. ತೂತಿನ ಸುತ್ತ ಒಂದು ಗೇಣು ಜಾಗವನ್ನು ನಾಣ್ಯದಿಂದ ತಟ್ಟುತ್ತಾ ಹೋಗಿ. ಟಣ್ ಅಂದರೆ ಗಟ್ಟಿ. ಮಂಕಾಗಿ ದಬ್ ಅಂದರೆ ಒಳಗೆ ಪದರ ಬಿಟ್ಟಿದೆ ಅಥವಾ ಹಲಗೆ ನೆನೆದಿದೆ. ತೂತಿನ ಅಂಚಿನ ಹಲಗೆಗೆ ಸಣ್ಣ ಸ್ಕ್ರೂಡ್ರೈವರ್ ಚುಚ್ಚಿ ನೋಡಿ, ಸಲೀಸಾಗಿ ಇಳಿದರೆ ಕೊಳೆತಿದೆ. ಅಂಚಿನಲ್ಲಿ ಸ್ವಲ್ಪ ಮಾತ್ರ ಕೊಳೆತಿದ್ದರೆ ಕೆರೆದು, ಒಣಗಿಸಿ, ಎಪಾಕ್ಸಿ ತುಂಬಬಹುದು. ಅಂಗೈಯಗಲಕ್ಕಿಂತ ಜಾಸ್ತಿ ಇದ್ದರೆ ಫೈಬರ್ ಕೆಲಸ ಬಲ್ಲವರ ಕೈಗೆ ಕೊಡಿ. ಅದರ ಮೇಲೆ ಹೊಸ ಫಿಟ್ಟಿಂಗ್ ಹಾಕೋದು ದುಡ್ಡು ದಂಡ.

4. ಅಂಚು ಚೆನ್ನಾಗಿದ್ದರೂ ತೂತಿನ ಒಳಮೈಗೂ ಪ್ರತಿ ಸ್ಕ್ರೂ ತೂತಿಗೂ ಎಪಾಕ್ಸಿ ರೆಸಿನ್ ಹಚ್ಚಿ ಒಣಗಲು ಬಿಡಿ. ಈ ಒಂದು ಹೆಜ್ಜೆಯನ್ನು ಬಹಳ ಜನ ಬಿಡ್ತಾರೆ. ದೋಣಿಯ ಆಯುಷ್ಯ ನಿಂತಿರೋದು ಇದರ ಮೇಲೆ. ಫೈಬರ್ ಉಜ್ಜುವಾಗ ಮಾಸ್ಕ್ ಹಾಕಿ, ಆ ಧೂಳಿನಲ್ಲಿ ಗಾಜಿನ ಎಳೆ ಇರುತ್ತೆ. ದೊಡ್ಡ ರಿಪೇರಿಗೆ ಪಾಲಿಯೆಸ್ಟರ್ ರೆಸಿನ್ ತಂದರೆ ಅದರ ಹಾರ್ಡ್‌ನರ್ ಬಗ್ಗೆ ಎಚ್ಚರ, ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು, ಕನ್ನಡಕ ಬೇಕೇ ಬೇಕು. ಕೀಟನಾಶಕದ ಹಾಗೇ ಇದನ್ನೂ ಕೂಲ್‌ಡ್ರಿಂಕ್ ಬಾಟಲಿಗೆ ಸುರಿದು ಇಡಬೇಡಿ.

5. ಫಿಟ್ಟಿಂಗ್ ಕೂರುವ ಜಾಗವನ್ನು ಸ್ಯಾಂಡ್ ಪೇಪರಿನಿಂದ ಉಜ್ಜಿ, ಅಸಿಟೋನ್ ಬಟ್ಟೆಯಿಂದ ಒರೆಸಿ. ಫಿಟ್ಟಿಂಗಿನ ಅಂಚಿಗೆ ಸುತ್ತಲೂ, ಸ್ಕ್ರೂ ತೂತುಗಳಿಗೂ ಸೀಲಂಟ್ ಹಚ್ಚಿ ಕೂರಿಸಿ. ಸುತ್ತಲೂ ಸೀಲಂಟ್ ಉಕ್ಕಿ ಹೊರಗೆ ಬರುವಷ್ಟು ಬಿಗಿ ಮಾಡಿ ನಿಲ್ಲಿಸಿ. ಶಕ್ತಿ ಇದೆ ಅಂತ ಪೂರ್ತಿ ಬಿಗಿದರೆ ಸೀಲಂಟೆಲ್ಲ ಹೊರಗೆ ಬಂದು ನಡುವೆ ಏನೂ ಉಳಿಯಲ್ಲ.

6. ಟ್ಯೂಬಿನ ಮೇಲೆ ಎಷ್ಟು ದಿನ ಅಂತ ಬರೆದಿದೆಯೋ ಅಷ್ಟು ದಿನ ಬಿಡಿ. ಮೇಲೆ ಮುಟ್ಟಿದರೆ ಅಂಟಲ್ಲ ಅಂದ ಮಾತ್ರಕ್ಕೆ ಒಳಗೆ ಗಟ್ಟಿಯಾಗಿದೆ ಅಂತಲ್ಲ.

7. ಪರೀಕ್ಷೆ ದಡದಲ್ಲೇ ಆಗಲಿ. ಈಗ ಹಿಂಭಾಗ ತಗ್ಗಿಗೆ ಇದೆ, ಬಿರಡೆ ಹಾಕಿ, ಫಿಟ್ಟಿಂಗ್ ಮೇಲೆ ಒಂದು ಗೇಣು ನೀರು ನಿಲ್ಲುವಷ್ಟು ಒಳಗೆ ಸುರಿದು ರಾತ್ರಿ ಬಿಡಿ. ಬೆಳಗ್ಗೆ ಹೊರಗೆ ಒಂದು ಹನಿ ಕಂಡರೂ ಬಿಚ್ಚಿ ಮತ್ತೆ ಮಾಡಿ. ಹನಿ ಇಲ್ಲ ಅಂದರೆ ನೀರಿಗಿಳಿಸಿ ದಡದ ಹತ್ತಿರವೇ ಅರ್ಧ ಗಂಟೆ ನಿಲ್ಲಿಸಿ, ಒಳಗೆ ಕೈಯಾಡಿಸಿ ನೋಡಿ, ಆಮೇಲೆ ನಡುನೀರಿಗೆ ಹೋಗಿ.

ಎಂ-ಸೀಲ್ ಹಚ್ಚಿದರೆ ಆಗಲ್ವಾ ಅಂತ ಕೇಳ್ತೀರಿ. ನೀರಿನ ನಡುವೆ ಬಿರುಕು ಕಂಡರೆ ದಡ ಸೇರೋವರೆಗೆ ಆಗುತ್ತೆ. ಅದು ಕಲ್ಲಿನಂತೆ ಗಟ್ಟಿಯಾಗುತ್ತೆ, ದೋಣಿಯ ಜೊತೆ ಬಾಗಲ್ಲ. ಅದನ್ನೇ ಕಾಯಂ ಮಾಡಿಕೊಂಡರೆ ಅದರ ಪಕ್ಕದಲ್ಲೇ ಹೊಸ ಬಿರುಕು ಬರುತ್ತೆ.

ಇನ್ನೊಂದು ಮಾತು. ಫೈಬರ್ ತಾನೇ ತೇಲುವ ವಸ್ತುವಲ್ಲ, ನೀರು ತುಂಬಿದರೆ ಮುಳುಗುತ್ತೆ. ಅದಕ್ಕೇ ಎಷ್ಟೋ ದೋಣಿಗಳ ಸೀಟಿನಡಿ ಮುಚ್ಚಿದ ಗಾಳಿಯ ಗೂಡು ಇರುತ್ತೆ. ಆ ಗೂಡಿಗೂ ಸಣ್ಣ ಬಿರಡೆ ಇರಬಹುದು. ಅದನ್ನೂ ಬಿಚ್ಚಿ ನೋಡಿ. ಒಳಗೆ ನೀರು ಗುಳುಗುಳು ಅಂದರೆ ನಿಮ್ಮನ್ನು ತೇಲಿಸಬೇಕಾದ ಗೂಡೇ ನಿಮ್ಮನ್ನು ಕೆಳಗೆಳೆಯುತ್ತೆ.

"ಇದೇನ್ ಸಮುದ್ರನಾ?" ಅನ್ನೋರಿಗೆ

ಈ ಪ್ರಶ್ನೆ ನನಗೆ ತುಂಬಾ ಸಲ ಬಂದಿದೆ. ಇಲ್ಲ, ಸಮುದ್ರ ಅಲ್ಲ. ಆದರೆ ಗೊರೂರಿನ ಜಲಾಶಯ ತುಂಬಿದರೆ 37 ಟಿಎಂಸಿ ನೀರು. ಶೆಟ್ಟಿಹಳ್ಳಿಯ ಹಳೇ ಚರ್ಚು ಮಳೆಗಾಲದಲ್ಲಿ ಅರ್ಧ ಮುಳುಗಿ ನಿಂತಿರೋದನ್ನು ನೋಡೋಕೆ ಎಲ್ಲೆಲ್ಲಿಂದಲೋ ಜನ ಬರ್ತಾರೆ. ಅವರು ಫೋಟೋ ತೆಗೆಯುವ ಅದೇ ನೀರಿನಡಿ ಹಳೇ ಮರದ ಬುಡಗಳಿವೆ, ಗೋಡೆಗಳಿವೆ, ಬಂಡೆಗಳಿವೆ. ಆಷಾಢದ ಗಾಳಿಗೆ ಅಲ್ಲಿ ಅಲೆ ಏಳುತ್ತೆ. ಸಮುದ್ರದಲ್ಲಾದರೆ ಅಕ್ಕಪಕ್ಕ ಬೇರೆ ದೋಣಿ ಇರುತ್ತೆ, ಕರಾವಳಿ ಕಾವಲು ಇರುತ್ತೆ. ಬೆಳಗಿನ ಜಾವ ನಮ್ಮ ಕೆರೆಯಲ್ಲಿ ನೀವು, ನಿಮ್ಮ ಜೊತೆಗಾರ, ನೀರುಕಾಗೆ, ಅಷ್ಟೇ. ಸಿಹಿನೀರು ಉಪ್ಪುನೀರಿಗಿಂತ ಹಗುರ, ಅದರಲ್ಲಿ ದೋಣಿಯೂ ಮನುಷ್ಯನೂ ಸಮುದ್ರಕ್ಕಿಂತ ಸ್ವಲ್ಪ ಕಡಿಮೆಯೇ ತೇಲೋದು.

ಕರಾವಳಿಯವರಿಂದ ನಾವು ಕಲಿಯಬೇಕಾದ್ದು ಒಂದಿದೆ. ಅಲ್ಲಿ ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ. ಮೀನು ಮರಿ ಮಾಡಲಿ ಅನ್ನೋದು ನಿಷೇಧದ ಉದ್ದೇಶ. ಆದರೆ ಆ ಎರಡು ತಿಂಗಳು ಮಲ್ಪೆಯಲ್ಲೂ ಮಂಗಳೂರಿನಲ್ಲೂ ದೋಣಿ ರಿಪೇರಿಯ ಕಾಲ, ಬಲೆ ಹೆಣೆಯುವ ಕಾಲ. ನಮ್ಮ ಕೆರೆ ಮೀನುಗಾರನಿಗೆ ಅಂಥ ಕಟ್ಟುನಿಟ್ಟಾದ ರಿಪೇರಿ ಕಾಲ ರೂಢಿಯಲ್ಲಿಲ್ಲ. ಬೇಸಿಗೆಯಲ್ಲಿ ಕೆರೆ ಇಳಿದಾಗ ಮೀನು ಹಿಡಿದು ಮಾರಿ, ದೋಣಿಯನ್ನು ಹೊಂಗೆ ಮರದಡಿ ಬಿಟ್ಟು ಆಲೂಗಡ್ಡೆ ಬಿತ್ತನೆಗೆ ಓಡ್ತೀವಿ. ಮಳೆ ಬಂದು ಕೆರೆ ತುಂಬಿ ಮರಿ ಬಿಡೋ ದಿನ ಬಂದಾಗಲೇ ದೋಣಿ ನೆನಪಾಗೋದು. ಆಗ ಒಣಗಿಸೋಕೆ ಬಿಸಿಲಿಲ್ಲ, ಸೀಲಂಟ್ ಗಟ್ಟಿಯಾಗೋಕೆ ಸಮಯ ಇಲ್ಲ.

ಅದಕ್ಕೇ ನನ್ನ ಸಲಹೆ: ಏಪ್ರಿಲ್ ತಿಂಗಳಲ್ಲಿ ಒಂದು ವಾರ ದೋಣಿಗೆ ಮೀಸಲಿಡಿ. ಟ್ರ್ಯಾಕ್ಟರಿಗೆ ಆಯಿಲ್ ಬದಲಾಯಿಸೋದನ್ನು ಮರೆಯದ ನಾವು ಇದನ್ನೂ ಮೊಬೈಲ್ ಕ್ಯಾಲೆಂಡರಿಗೆ ಹಾಕಬಹುದು. ಬಿರಡೆಯ ವಾಷರ್ ಪ್ರತಿ ವರ್ಷ ಬದಲಾಗಲಿ. ಫಿಟ್ಟಿಂಗನ್ನು ಪ್ರತಿ ವರ್ಷ ತಟ್ಟಿ ನೋಡಿ, ಸಡಿಲ, ಬಿರುಕು ಅಥವಾ ಕೊಳೆ ಕಂಡ ವರ್ಷವೇ ಬದಲಾಯಿಸಿ, "ಈ ಸಲಕ್ಕೆ ನಡೆಯುತ್ತೆ" ಅನ್ನಬೇಡಿ.

ಸರ್ಕಾರಕ್ಕೂ ಒಂದು ಮಾತು

2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಸಾಂಪ್ರದಾಯಿಕ ಮೀನುಗಾರರಿಗೆ ದೋಣಿ, ಬಲೆ, ಸುರಕ್ಷತಾ ಸಾಮಗ್ರಿಗೆ ನೆರವು ಇದೆ. ಒಳ್ಳೇದು. ಆದರೆ ದೋಣಿ ಕೊಟ್ಟು ಫೋಟೋ ತೆಗೆಸಿಕೊಂಡ ಮೇಲೆ ಆ ದೋಣಿಯನ್ನು ಹತ್ತು ವರ್ಷ ಉಳಿಸಿಕೊಳ್ಳೋದು ಹೇಗೆ ಅಂತ ಹೇಳಿಕೊಡೋರು ಯಾರು? ಹನಿ ನೀರಾವರಿಗೆ ಸಹಾಯಧನ ಕೊಟ್ಟರೆ ಫಿಲ್ಟರ್ ತೊಳೆಯೋದನ್ನೂ ಹೇಳಿಕೊಡ್ತಾರೆ. ದೋಣಿ ಜೊತೆ ಒಂದು ಜೊತೆ ಹೆಚ್ಚುವರಿ ಫಿಟ್ಟಿಂಗು, ಒಂದು ಟ್ಯೂಬ್ ಸೀಲಂಟು, ಕನ್ನಡದಲ್ಲಿ ಬರೆದ ಎರಡು ಪುಟದ ಕೈಪಿಡಿ ಕೊಟ್ಟರೆ ಯೋಜನೆಯ ದುಡ್ಡಿಗೆ ಅದೆಷ್ಟರ ಭಾರ?

ಕಂದಲಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವರ್ಷಕ್ಕೊಂದು ದಿನ ದೋಣಿ ರಿಪೇರಿ ತರಬೇತಿ ಇಡಬಹುದು. ಮಂಗಳೂರಿನಲ್ಲಿ ಮೀನುಗಾರಿಕಾ ಕಾಲೇಜಿದೆ, ಕೊಚ್ಚಿಯಲ್ಲಿ ದೋಣಿ, ಬಲೆಗಳ ಮೇಲೆಯೇ ಕೆಲಸ ಮಾಡುವ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಇದೆ. ಅಲ್ಲಿನ ತಿಳಿವಳಿಕೆ ಘಟ್ಟ ಹತ್ತಿ ನಮ್ಮ ಕೆರೆ ದಡಕ್ಕೂ ಬರಲಿ. ಇದನ್ನು ಕೇಳಬೇಕಾದವರು ನಾವೇ. ಮುಂದಿನ ಗ್ರಾಮಸಭೆಯಲ್ಲಿ, ಮೀನುಗಾರರ ಸಹಕಾರ ಸಂಘದ ಸಭೆಯಲ್ಲಿ ಒಂದು ಅರ್ಜಿ ಕೊಡಿ.

ನೀರಿಗಿಳಿಯುವ ಮುಂಚೆ

ಎಷ್ಟೇ ಒಳ್ಳೆ ಫಿಟ್ಟಿಂಗ್ ಹಾಕಿದರೂ ಬಿರಡೆ ದಡದಲ್ಲೇ ಬಿಟ್ಟು ಹೊರಟರೆ ಏನೂ ಉಪಯೋಗ ಇಲ್ಲ. ಬಿರಡೆಗೆ ಗಟ್ಟಿ ದಾರ ಕಟ್ಟಿ ದೋಣಿಗೇ ಬಿಗಿಯಿರಿ. ದಡದಲ್ಲಿ ಬಿರಡೆ ತೆಗೆದಾಗ ಅದನ್ನು ಮೋಟಾರಿನ ಹಿಡಿಗೆ, ಮೋಟಾರ್ ಇಲ್ಲದಿದ್ದರೆ ಹುಟ್ಟಿಗೆ ನೇತು ಹಾಕಿ. ಅದನ್ನು ಮುಟ್ಟದೆ ದೋಣಿ ಹೊರಡಿಸೋಕೇ ಆಗಬಾರದು. ನಮ್ಮ ಗುಂಪಿನಲ್ಲಿ ದೋಣಿ ತಳ್ಳುವ ಮುಂಚೆ ಒಬ್ಬ "ಬಿರಡೆ?" ಅಂತ ಕೂಗಬೇಕು, ಇನ್ನೊಬ್ಬ ಕೈಯಿಂದ ಮುಟ್ಟಿ ನೋಡಿ "ಹಾಕೈತೆ" ಅನ್ನಬೇಕು. ಕಣ್ಣಲ್ಲಿ ನೋಡಿದರೆ ಸಾಲದು, ಮುಟ್ಟಬೇಕು.

ದೋಣಿಯಲ್ಲಿ ಸದಾ ಇರಬೇಕಾದ್ದು: ಹೆಚ್ಚುವರಿ ಬಿರಡೆ, ತೂತಿನ ಅಳತೆಗೆ ಒಂದು ಕಡೆ ಚೂಪಾಗಿ ಕೆತ್ತಿದ ಮೆದು ಮರದ ಗೂಟ, ಒಂದು ಬಕೆಟ್, ಪ್ಲಾಸ್ಟಿಕ್ ಕವರಿನಲ್ಲಿ ಮೊಬೈಲು, ತಲೆಗೊಂದು ಲೈಫ್ ಜಾಕೆಟ್ಟು. ಜಾಕೆಟ್ ಮಡಚಿ ಸೀಟಿನಡಿ ಇಟ್ಟರೆ ಆಗಲ್ಲ, ಮೈಮೇಲೆ ಇರಬೇಕು. ಮರದ ಗೂಟ ನೀರು ಕುಡಿದು ಊದಿಕೊಂಡು ತೂತಿಗೆ ಬಿಗಿಯಾಗಿ ಕೂರುತ್ತೆ. ಫಿಟ್ಟಿಂಗೇ ಸೀಳಿ ಹೋದರೂ ದಡ ಮುಟ್ಟಿಸುತ್ತೆ.

ನಿಮ್ಮ ದೋಣಿ ಈಗ ದಡದಲ್ಲಿದ್ದರೆ ಈ ಭಾನುವಾರ ಹೋಗಿ ಬಿರಡೆ ಬಿಚ್ಚಿ, ನಾಣ್ಯ ತಗೊಂಡು ತೂತಿನ ಸುತ್ತ ತಟ್ಟಿ ನೋಡಿ. ಹತ್ತು ನಿಮಿಷದ ಕೆಲಸ. ದಬ್ ಅಂತ ಸದ್ದು ಬಂದರೆ ಮಳೆ ಹಿಡಿಯೋ ಮುಂಚೆ ಮಾಡಬೇಕಾದ ಕೆಲಸ ಯಾವುದು ಅಂತ ನಿಮಗೇ ಗೊತ್ತಾಗುತ್ತೆ.